ಎಂಬತ್ತು ಸೆಕೆಂಡು

ವಾಲ್ಪರೈಸೊದ ನಮ್ಮ ಗುಡ್ಡಕ್ಕೆ ಹಳಿಯೇ ಏಣಿ.
ಮೇಲಿಂದೊಂದು ಪೆಟ್ಟಿಗೆ ಇಳಿದರೆ
ಕೆಳಗಿಂದೊಂದು ಏರಲೇಬೇಕು,
ಎರಡಕ್ಕೂ ಒಂದೇ ಉಕ್ಕಿನ ಹಗ್ಗ, ತಕ್ಕಡಿಯ ಹಾಗೆ.
ಮೇಲೆ ಯಂತ್ರದ ಕೋಣೆಯಲ್ಲಿ ನಾನು,
ಕೆಳಗೆ ಕಿಂಡಿಯಲ್ಲಿ ಕಾಸು ಎಣಿಸುವ ಎರ್ಮೆಲಿಂದಾ.

ಅವಳು ಗಂಟೆ ಒತ್ತುತ್ತಾಳೆ, ನಾನು ಸನ್ನೆಗೋಲು ಎಳೆಯುತ್ತೇನೆ.
ಎಂಬತ್ತು ಸೆಕೆಂಡು.
ಅಷ್ಟರಲ್ಲಿ ಅವಳೊಂದು ವಾಕ್ಯ ಬರೆಯುತ್ತಾಳೆ.

ಶುರುವಾದದ್ದು ಐವತ್ತಮೂರನೇ ವಯಸ್ಸಿಗೆ,
ರಾತ್ರಿಶಾಲೆಯ ಮೇಷ್ಟರು
"ದಿನಕ್ಕೊಂದು ಪುಟ" ಎಂದಾಗ.
ಮೊದಲ ವಾರ ಬೆಳಗಿನ ನಾಲ್ಕಕ್ಕೆ ಅಲಾರಂ ಇಟ್ಟಳಂತೆ,
ಮೇಜು ಒರೆಸಿದಳಂತೆ, ಹೊಸ ಪೆನ್ನು ಕೊಂಡಳಂತೆ.
ಚಹಾ ಆರಿತು, ಹಾಳೆ ಬೆಳ್ಳಗೇ ಉಳಿಯಿತು.
ಎರಡನೇ ವಾರ ಅಲಾರಂ ಒಂದೇ ಬಡಿದುಕೊಂಡಿತು.
ಮೂರನೇ ವಾರ, ಟಿಕೆಟ್ ಪುಸ್ತಕದ ಬೆನ್ನಿಗೆ,
ಚಿಲ್ಲರೆ ಕೊಟ್ಟದ್ದಕ್ಕೂ ಮುಂದಿನ ಗಂಟೆಗೂ ನಡುವೆ
ಒಂದು ಸಾಲು:
ಹಸಿರು ಕೊಡೆಯವಳು ಇವತ್ತು ನಕ್ಕಳು.

ಅಷ್ಟೇ. ಪೆಟ್ಟಿಗೆ ಬಂದು ತಟ್ಟಿತು, ಬಾಗಿಲು ತೆರೆಯಿತು.

ಆಮೇಲೆ ಸವಾರಿಗೊಂದು ಸಾಲು.
ಮೀನು ಹೊತ್ತವರು, ಗಿಟಾರು ಹೊತ್ತವರು,
ಗ್ಯಾಸ್ ಸಿಲಿಂಡರಿಗೂ ಟಿಕೆಟ್ಟೇ ಎಂದು ಜಗಳಕ್ಕೆ ನಿಂತವರು.
ಕಾಗುಣಿತ ತಪ್ಪಿದರೆ ತಿದ್ದಲು ಹೊತ್ತಿಲ್ಲ,
ಅದೇ ಪದ ನಾಳೆ ಬಂದೇ ಬರುತ್ತದೆ, ಆಗ ನೋಡೋಣ.
ಎರಡು ವರ್ಷಕ್ಕೆ ಹದಿನೇಳು ನೋಟುಬುಕ್ಕು.
ಚೆನ್ನಾಗಿವೆಯೇ? ನನಗೆ ಗೊತ್ತಾಗದು. ಕೆಲವು ಬರೀ ಚಿಲ್ಲರೆ ಅಂದೆ ಒಮ್ಮೆ.
"ಚಿಲ್ಲರೆ ಇಲ್ಲದೆ ಯಾರ ಅಂಗಡಿ ನಡೆದಿದೆ?" ಅಂದಳು.

ಹೋದ ಜುಲೈ ಚಳಿಯಲ್ಲಿ ಹಗ್ಗದ ಒಂದು ಎಳೆ ಸಿಡಿಯಿತು.
ನಗರಸಭೆಯವರು ಬಂದು ಕೆಂಪು ಪಟ್ಟಿ ಕಟ್ಟಿದರು.
ನಲವತ್ತೊಂದು ದಿನ ರಜೆ.
ಇನ್ನೇನು, ಇಡೀ ದಿನ ಅವಳದೇ,
ಪುಸ್ತಕವನ್ನೇ ಬರೆದಾಳು ಎಂದುಕೊಂಡು
ಮುನ್ನೂರು ಮೆಟ್ಟಿಲಿಳಿದು ಹೋಗಿ ನೋಡಿದರೆ
ಅಡುಗೆಮನೆಯಲ್ಲಿ ಕೂತಿದ್ದಾಳೆ. ಮುಂದೆ ಖಾಲಿ ಹಾಳೆ,
ಪಕ್ಕದಲ್ಲಿ ಸುಲಿದ ಆಲೂಗಡ್ಡೆಯ ರಾಶಿ,
ಹತ್ತು ಮಂದಿಗಾಗುವಷ್ಟು. ಇರುವವಳು ಒಬ್ಬಳೇ.
"ಗಂಟೆಯಿಲ್ಲ, ಎವರಿಸ್ತೊ," ಅಂದಳು,
"ಇಷ್ಟು ದೊಡ್ಡ ಹೊತ್ತು, ಎತ್ತೋಣವೆಂದರೆ ಹಿಡಿಯೇ ಇಲ್ಲ."

ನಾನೇನು ಮೇಷ್ಟರೇ?
ಚಮಚ ತೆಗೆದು ಸಾರಿನ ಪಾತ್ರೆಗೆ ಬಡಿದೆ.
ಅವಳು ಬಗ್ಗಿ ಬರೆದಳು.
ಎಂಬತ್ತೆಣಿಸಿ ಮತ್ತೆ ಬಡಿದೆ.
ತಟ್ಟನೆ ಎದ್ದು ಬಾಗಿಲು ತೆರೆಯಲು ಹೋದಳು!
ಇಬ್ಬರೂ ನಕ್ಕ ನಗುವಿಗೆ
ಪಕ್ಕದ ಮನೆಯವರು ಗೋಡೆ ಗುದ್ದಿದರು.

ಹೊರಡುವಾಗ ಕೇಳಿದಳು: ನೀನು ಏನೂ ಬರೆಯುವುದಿಲ್ಲವೇ?
ನಾನೆಲ್ಲಿ.
ಇಪ್ಪತ್ತೆರಡು ವರ್ಷ, ದಿನಾ ಬೆಳಗಿನ ಆರಕ್ಕೆ,
ಯಂತ್ರದ ದಫ್ತರಿನಲ್ಲಿ ಅದದೇ:
ಹಗ್ಗ ಸರಿ. ಎಣ್ಣೆ ಹಾಕಿದೆ. ಬ್ರೇಕು ಹಿಡಿಯುತ್ತದೆ.
ಜ್ವರದಲ್ಲೂ ತಪ್ಪಿಸಿದವನಲ್ಲ,
ಹೆಂಡತಿಯನ್ನು ಮಣ್ಣು ಮಾಡಿದ ಮರುದಿನವೂ.
ಊರಿಗೆಲ್ಲ ಹೇಳಿಕೊಂಡಿದ್ದೆ ಇದನ್ನು.

ಎರ್ಮೆಲಿಂದಾಗೆ ಮಾತ್ರ ಹೇಳಿದೆ,
ಎಳೆ ಸಿಡಿದ ಬೆಳಗ್ಗೆಯೂ ಬರೆದಿದ್ದೆ, ಹಗ್ಗ ಸರಿ.
ಕೈ ಬರೆದಿತ್ತು.
ಕಣ್ಣು ಕಿಟಕಿಯ ಕಡೆಗೂ ಇರಲಿಲ್ಲ, ಹಗ್ಗದ ಕಡೆಗೂ.

ಅವಳು ಏನೂ ಅನ್ನಲಿಲ್ಲ. ಆಲೂಗಡ್ಡೆ ಅರ್ಧ ಕಟ್ಟಿಕೊಟ್ಟಳು.

ಈಗ ಮೊದಲು ಬೆರಳು, ಆಮೇಲೆ ಪೆನ್ನು.
ತಣ್ಣಗಿನ ಉಕ್ಕು, ಎಳೆ ಎಳೆಯಾಗಿ ಸವರಿ,
ಎಣ್ಣೆ ಮೆತ್ತಿದ ಅದೇ ಕೈಯಲ್ಲಿ ಬರೆಯುತ್ತೇನೆ,
ಪ್ರತಿ ಹಾಳೆಗೂ ನನ್ನ ಹೆಬ್ಬೆಟ್ಟಿನ ಗುರುತು.
ಮೇಲಧಿಕಾರಿ ಬಂದರೆ ಬೈಯಲಿ. ಇವತ್ತಿನದು ಹೀಗಿದೆ:

ಹಗ್ಗ ಸರಿ, ಮುಟ್ಟಿ ನೋಡಿದೆ. ಎಣ್ಣೆ ಹಾಕಿದೆ.
ಬ್ರೇಕು ಹಿಡಿಯುತ್ತದೆ. ಕೊಲ್ಲಿಯ ತುಂಬ ಮಂಜು,
ಹಡಗು ಕಾಣುವುದಿಲ್ಲ, ಕೂಗು ಮಾತ್ರ

ಗಂಟೆಯಾಯಿತು.